ಕೆಚ್ಚಲ ಬಿಸಿಯ ಮೊಸರು

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ನಲವತ್ತೈದು ದಾಟಿದ ಗಂಡಸಿಗೆ ಬೀಡಿಯಿಲ್ಲ, ಕುಡಿತವಿಲ್ಲ, ಸಕ್ಕರೆ, ಬಿ.ಪಿ. ಎರಡೂ ಹದದಲ್ಲಿವೆ ಎಂದರೆ ಬೇರೆಯವರಾದರೆ ನೆಮ್ಮದಿಯಾಗಿ ಮಲಗುತ್ತಾರೆ. ನಾನು ಹಾಗಲ್ಲ. ಎಲ್ಲ ಸರಿಯಿದೆ ಎಂದು ಡಾಕ್ಟರು ಹೇಳಿದರೆ ಅವರು ಏನನ್ನೋ ನೋಡಿಲ್ಲ ಎಂದು ಅರ್ಥ ಮಾಡಿಕೊಳ್ಳುವವನು. ಎಡಗೈ ಜುಮ್ಮೆಂದರೆ ಹೃದಯ, ಬಲಗೈ ಜುಮ್ಮೆಂದರೆ ನರ, ಎರಡೂ ಸುಮ್ಮನಿದ್ದರೆ ಸ್ಪರ್ಶವೇ ಹೋಗಿರಬಹುದೆಂದು ಚಿವುಟಿ ನೋಡಿಕೊಳ್ಳುತ್ತಿದ್ದೆ. "ನಿಮ್ಗೆ ಬರೋ ರೋಗ ಇನ್ನೂ ಹುಟ್ಟಿಲ್ಲ ಕಣ್ರೀ," ಎನ್ನುತ್ತಿದ್ದಳು ನನ್ನ ಹೆಂಡತಿ ರತ್ನ. "ಹುಟ್ಟಿದ್ ದಿನ ಮನೆ ಅಡ್ರೆಸ್ ಕೇಳ್ಕೊಂಡು ಸೀದಾ ಬರ್ತೈತೆ."

ಮೊಬೈಲು ಆಗ ತಾನೇ ಎಲ್ಲರ ಅಂಗಿಯ ಜೇಬಿಗೆ ಬಂದು ಕೂರುತ್ತಿದ್ದ ಕಾಲ. ನಮ್ಮ ಮನೆ ಚಳ್ಳಕೆರೆಯಲ್ಲಿ, ನನ್ನ ಕೆಲಸ ಮೊಳಕಾಲ್ಮೂರಿನ ನೇಕಾರರ ಸಂಘವೊಂದರಲ್ಲಿ ಗುಮಾಸ್ತಿಕೆ. ಒಂದು ಭಾನುವಾರ ಪತ್ರಿಕೆಯ ಆರೋಗ್ಯದ ಪುಟದಲ್ಲಿ ಮೊಸರಿನ ಬಗ್ಗೆ ಓದಿದೆ. ಮೊಸರಿನಲ್ಲಿರುವ ಜೀವಂತ ಕ್ರಿಮಿಗಳು ಕರುಳಿಗಿಳಿದು ಅಲ್ಲಿನ ಕಾವಲನ್ನು ಗಟ್ಟಿ ಮಾಡುತ್ತವೆ, ರೋಗ ಬಂದವರಿಗೆ ಮಾತ್ರವಲ್ಲ, ಆರೋಗ್ಯವಂತರಿಗೂ ಇದರಿಂದ ಲಾಭ ಎಂದಿತ್ತು. ಅಂಥ ಮೊಸರನ್ನು ಪುಟ್ಟ ಕಪ್ಪುಗಳಲ್ಲಿ ತುಂಬಿ ದೊಡ್ಡ ಊರುಗಳಲ್ಲಿ ಮಾರಲು ಶುರು ಮಾಡಿದ್ದಾರೆ ಎಂದೂ ಇತ್ತು. 'ಆರೋಗ್ಯವಂತರಿಗೂ' ಎಂಬ ಪದ ನನ್ನನ್ನು ಹಿಡಿದುಕೊಂಡಿತು. ಇಷ್ಟು ದಿನ ನನ್ನ ಪಾಲಿಗೆ ಯಾರೂ ಔಷಧಿ ಬರೆದಿರಲಿಲ್ಲ. ಈಗ ಯಾರೋ ಬರೆದಿದ್ದರು.

ಪ್ಯಾಕೆಟ್ಟಿನ ಮೊಸರು ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ಬರುವುದೂ ಬೇಕಿರಲಿಲ್ಲ. ನನ್ನ ತಲೆಯಲ್ಲಿ ಒಂದು ಲೆಕ್ಕ ಓಡಿತು. ಬೇಕಾದ್ದು ಜೀವಂತ ಕ್ರಿಮಿ. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಹಾಗಾದರೆ ಬೆಂಕಿಯನ್ನೇ ಕಾಣದ ಹಾಲಿನ ಮೊಸರಿಗಿಂತ ಜೀವಂತವಾದದ್ದು ಯಾವುದಿದೆ? ಅದು ನಮ್ಮ ಅವ್ವನ ಹತ್ತಿರ ಇತ್ತು.

ನಮ್ಮದು ಕುರಿ ಕಾಯುವ ಮನೆತನ. ಅಣ್ಣ ಪಾಲಣ್ಣ, ಅವನ ಹೆಂಡತಿ ಮತ್ತು ಅವ್ವ ಬಿ.ಜಿ. ಕೆರೆಯ ಆಚೆ ಹಟ್ಟಿಯಲ್ಲಿದ್ದರು, ಮನೆ ಮುಂದೆಯೇ ಕುರಿ ಕೂಡುವ ರೊಪ್ಪ. ಕುರಿಗಳು ಈದ ಮೇಲೆ, ಹಾಲಿರುವಷ್ಟು ಕಾಲವೂ, ಬೆಳಗಿನ ಮೊದಲ ಕುಡಿಕೆ ಹಾಲು ಮನೆದೇವರಿಗೆ ಮೀಸಲು. ಮನೆಯ ಹಿರಿಯ ಹೆಂಗಸು ಮಿಂದು, ಯಾರೊಡನೆಯೂ ಮಾತಾಡದೆ ಅದನ್ನು ಕರೆದು ಎತ್ತಬೇಕು. ಆ ಹಾಲನ್ನು ಒಲೆಯ ಮೇಲಿಡುವಂತಿಲ್ಲ. ಕೆಚ್ಚಲಿನಿಂದ ಬಂದ ಬಿಸಿ ಆರುವ ಮೊದಲೇ ಹೆಪ್ಪು ಹಾಕಬೇಕು. ಮರುದಿನ ದೇವರ ಮುಂದಿಟ್ಟು, ಆಮೇಲೆ ಮನೆಯವರು ಉಣ್ಣಬೇಕು. ಬೇರೆ ಹಾಲು, ಬೇರೆ ಮೊಸರು ಎಲ್ಲವೂ ಕಾಯಿಸಿದ್ದೇ. ಇದೊಂದು ಕುಡಿಕೆ ಮಾತ್ರ ಹೀಗೆ. ನಮ್ಮವ್ವ ಮದುವೆಯಾಗಿ ಬಂದು, ಅವಳ ಅತ್ತೆ ತೀರಿಕೊಂಡ ದಿನದಿಂದ ಎತ್ತುತ್ತಾ ಬಂದಿದ್ದಳು.

ಓದು ಕಲಿತು ಪೇಟೆ ಸೇರಿದ ಮೇಲೆ ನಾನು ಆ ಮೊಸರನ್ನು ಮರೆತೇಬಿಟ್ಟಿದ್ದೆ. ಈಗ ನಾನೇ ಕೇಳಿದೆನೆಂದು ಅವ್ವನಿಗೆ ಹಿಗ್ಗೋ ಹಿಗ್ಗು. ಬೆಳಿಗ್ಗೆ ನನ್ನ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಾಗ ಪಾಲಣ್ಣ ಕಿಟಕಿಯಿಂದ ಸ್ಟೀಲಿನ ಡಬ್ಬಿ ಕೊಡುತ್ತಿದ್ದ. "ತಗಳಪ್ಪಾ, ಪೇಟೆ ಕುರಿಮರಿ," ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ಇಷ್ಟು ವಯಸ್ಸಾದ್ರೂ ಇನ್ನೂ ಅವ್ವನ ಹಾಲು ಬಿಟ್ಟಿಲ್ಲ ನೋಡ್ರಪಾ."

ನಾನು ಕಿವುಡನಂತೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನ ಸಂಘದ ಆಫೀಸಿನಲ್ಲಿ, ಮಡಿಸಿಟ್ಟ ರೇಷ್ಮೆ ಸೀರೆಗಳಿಂದ ದೂರ ಕೂತು, ಕೆನೆಗಟ್ಟಿದ ಆ ಮೊಸರನ್ನು ಮುದ್ದೆಗೆ ಕಲಸಿ ಉಣ್ಣುವಾಗ ಕರುಳಿನ ಕಾವಲುಗಾರರು ಎದ್ದು ನಿಂತು ಸಲಾಮು ಹೊಡೆದಂತೆ ಅನ್ನಿಸುತ್ತಿತ್ತು. ಮನೆಗೆ ಒಯ್ದರೆ ರತ್ನ ಕುರಿವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಒಯ್ಯುತ್ತಿರಲಿಲ್ಲ. ಅವಳ ಮೂಗು ಅವಳನ್ನು ಉಳಿಸಿತು.

ಜ್ವರ ಬಂದದ್ದು ಬೇಸಿಗೆಯಲ್ಲಿ. ಚಳ್ಳಕೆರೆಯ ಬೇಸಿಗೆಯಲ್ಲಿ ಮೈ ಬಿಸಿಯಾದರೆ ಯಾರಿಗೆ ಅನುಮಾನ ಬರುತ್ತದೆ? ಬೆಳಿಗ್ಗೆ ಚೆನ್ನಾಗಿರುತ್ತಿದ್ದೆ. ಸಂಜೆ ಬಸ್ಸಿಳಿದು ಮನೆಗೆ ನಡೆಯುವಾಗ ಮೈಯೊಳಗೆ ಯಾರೋ ಸಣ್ಣಗೆ ಒಲೆ ಹೊತ್ತಿಸುತ್ತಿದ್ದರು. ಆಮೇಲೆ ಬೆವರು. ಬನಿಯನ್ನು ಹಿಂಡಿದರೆ ನೀರು ಬೀಳುವಷ್ಟು ಬೆವರು, ನೆನೆದ ಹುಲ್ಲಿನ ವಾಸನೆ. ಸೊಂಟದ ಕೆಳಗೆ, ಕೂತರೂ ನಿಂತರೂ ಬಿಡದ ನೋವು.

ನಮ್ಮ ಬೀದಿಯ ಡಾಕ್ಟರು ರಕ್ತ ನೋಡಿ ಟೈಫಾಯ್ಡ್ ಎಂದರು. ಮಾತ್ರೆ ನುಂಗಿದೆ, ಇಳಿಯಿತು. ಮಾತ್ರೆ ಮುಗಿಯಿತು, ಏರಿತು. ಮಲೇರಿಯಾ ಇರಬಹುದು ಎಂದರು. ಮತ್ತೆ ಇಳಿಯಿತು, ಮತ್ತೆ ಏರಿತು. ಒಂದು ದಿನ ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಕೇಳಿದರು: "ಹಸಿ ಹಾಲೇನಾದ್ರೂ ಕುಡಿಯೋ ಅಭ್ಯಾಸ ಐತೇನ್ರಿ?"

ನನಗೆ ಅವಮಾನವಾಯಿತು. "ಛೇ ಛೇ, ಏನ್ ಸಾರ್! ನಾನು ನೀರನ್ನೇ ಕಾಯಿಸ್ಕೊಂಡು ಬಾಟ್ಲಿಯಾಗೆ ಹಿಡ್ಕೊಂಡು ತಿರುಗೋನು," ಎಂದು ಚೀಲದಿಂದ ಬಾಟಲಿ ತೆಗೆದು ತೋರಿಸಿದೆ. ಅವರು ನಂಬಿದರು. ನಾನೂ ನನ್ನನ್ನು ನಂಬಿದೆ. ಸುಳ್ಳಂತೂ ಹೇಳಿರಲಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಹಾಲು ಹಾಲೇ, ಮೊಸರು ಮೊಸರೇ. ಮೀಸಲು ಎರಡೂ ಅಲ್ಲ, ಅದು ದೇವರದು.

ಆ ಬೇಸಿಗೆ, ಆ ಮಳೆಗಾಲ ನಾನು ಕಂಡ ಬೆಂಚುಗಳ ಬಗ್ಗೆ ಹೇಳಬೇಕು. ಚಳ್ಳಕೆರೆಯ ಮರದ ಬೆಂಚು, ಚಿತ್ರದುರ್ಗದ ಕಬ್ಬಿಣದ ಬೆಂಚು, ದಾವಣಗೆರೆಯ ಪ್ಲಾಸ್ಟಿಕ್ ಕುರ್ಚಿ. ಮೊದಮೊದಲು ಪಕ್ಕದವರ ಕಾಯಿಲೆಯನ್ನೆಲ್ಲ ಕೇಳಿ ಅದು ನನಗೂ ಇರಬಹುದೆಂದು ಹೆದರುತ್ತಿದ್ದೆ. ಬರಬರುತ್ತಾ ಹೆದರಿಕೆಯೂ ಹೋಯಿತು. ಇದನ್ನು ಯಾರಿಗಾದರೂ ಹೇಳಿದರೆ ಒಳ್ಳೆಯದಾಯಿತಲ್ಲ ಎನ್ನುತ್ತಾರೆ. ಆಗಲಿಲ್ಲ. ನನ್ನಂಥವನಿಗೆ ಹೆದರಿಕೆಯೆಂದರೆ ಬದುಕುವ ಆಸೆಯ ಇನ್ನೊಂದು ಹೆಸರು. ಅದು ಹೋದ ಮೇಲೆ ಒಳಗೆ ಏನೂ ಉಳಿಯಲಿಲ್ಲ. ಆಫೀಸಿನಲ್ಲಿ ಸೀರೆಯ ಅಂಚಿನ ಬಣ್ಣ ಕೇಳಿದರೆ ನೋಡುತ್ತಲೇ ಕೂತಿರುತ್ತಿದ್ದೆ, ಬಣ್ಣದ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅಳು ಮಾತ್ರ ಕರೆಯದೆ ಬರುತ್ತಿತ್ತು. ಬಸ್ಸಿನಲ್ಲಿ, ಬಚ್ಚಲಲ್ಲಿ, ಒಮ್ಮೆ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ. ಅದೂ ಈ ಕಾಯಿಲೆಯ ಒಂದು ಭಾಗವೆಂದು ಆಮೇಲೆ ತಿಳಿಯಿತು. ಆಗ ಯಾರಾದರೂ ಅಷ್ಟನ್ನೇ ಹೇಳಿದ್ದರೂ ಸಾಕಿತ್ತು. ಈಗ ಯಾವುದೋ ಬೆಂಚಿನ ಮೇಲೆ ಹಾಗೆ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನಸ್ಸು ಕೆಟ್ಟಿಲ್ಲ. ಜ್ವರ ಅಲ್ಲಿಗೂ ಹೋಗುತ್ತದೆ.

ಸೊರಗುತ್ತಿರುವ ಮಗನಿಗೆ ಅವ್ವ ಏನು ಮಾಡಿಯಾಳು? ಡಬ್ಬಿಯನ್ನು ದೊಡ್ಡದು ಮಾಡಿದಳು. "ದೇವ್ರ ಮೊಸ್ರು, ಜ್ವರ ಇಳಿಸ್ತೈತೆ, ಪೂರ್ತಿ ಉಣ್ಣು ಅಂದವ್ಳೆ," ಎಂದು ಪಾಲಣ್ಣ ಕಿಟಕಿಯಿಂದ ಕೊಡುತ್ತಿದ್ದ. ಈಗ ತಮಾಷೆ ಮಾಡುತ್ತಿರಲಿಲ್ಲ. ನಾನು ಪೂರ್ತಿ ಉಣ್ಣುತ್ತಿದ್ದೆ.

ಕೊನೆಗೆ ಹೇಳಿಕೊಳ್ಳಲಾಗದ ಜಾಗದಲ್ಲಿ ಬಾವು ಬಂತು. ದಾವಣಗೆರೆಯಲ್ಲಿ ನನ್ನನ್ನು ನೋಡಿದವರು ಹೆಂಗಸು, ನನಗಿಂತ ಚಿಕ್ಕವರು. ಪರದೆಯ ಹಿಂದೆ ಮಲಗಿ ಛಾವಣಿಯ ಫ್ಯಾನು ನೋಡುತ್ತಾ, ಇಷ್ಟು ವರ್ಷ ನೂರಾರು ಕಾಯಿಲೆ ಕಲ್ಪಿಸಿಕೊಂಡಿದ್ದ ನಾನು ಇದೊಂದನ್ನು ಯಾಕೆ ಬಿಟ್ಟೆ ಎಂದು ಯೋಚಿಸಿದೆ. ಆ ಡಾಕ್ಟರು ಹೊರಗೆ ಬಂದು ಕೈ ತೊಳೆಯುತ್ತಾ ಅದೇ ಪ್ರಶ್ನೆ ಕೇಳಿದರು. ಹಸಿ ಹಾಲು? ಇಲ್ಲ ಮೇಡಂ. ಮನೆಯಲ್ಲಿ ದನ, ಕುರಿ? ಅಣ್ಣನ ಮನೆಯಲ್ಲಿವೆ, ನಾನು ಮುಟ್ಟುವುದಿಲ್ಲ.

ರತ್ನ ಬಾಗಿಲ ಹತ್ತಿರ ನಿಂತಿದ್ದಳು. "ಹಾಲು ಕುಡಿಯಲ್ಲ ಮೇಡಂ," ಎಂದಳು. "ಮೊಸರು ತಿಂತಾರೆ. ಹಸಿ ಹಾಲಿಗೇ ಹೆಪ್ಪು ಹಾಕಿದ್ದು. ದಿನಾ ಬಸ್ಸಿಗೆ ಬರ್ತೈತೆ."

ಡಾಕ್ಟರು ನಲ್ಲಿ ನಿಲ್ಲಿಸಿದರು. "ದಿನಾನಾ?"

"ರೋಗ ಬರಬಾರ್ದು ಅಂತ, ಮೇಡಂ," ಎಂದೆ. ನಗು ಬರುವ ಮಾತು. ಯಾರೂ ನಗಲಿಲ್ಲ.

ರಕ್ತ ಕಳಿಸಿದರು. ಬ್ರುಸೆಲ್ಲೋಸಿಸ್ ಎಂದು ಬಂತು. ಕುರಿ, ಮೇಕೆ, ದನಗಳಿಗೆ ಬರುವುದು, ಅವುಗಳ ಹಸಿ ಹಾಲಿನಿಂದ ಮನುಷ್ಯರಿಗೂ ಬರುವುದು. ಹಿಂದಿನ ವರ್ಷ ಪಾಲಣ್ಣನ ಕುರಿಗಳು ಒಂದರ ಹಿಂದೊಂದು ಕಂದು ಹಾಕಿದ್ದವು, ದಿನ ತುಂಬುವ ಮೊದಲೇ. ದೃಷ್ಟಿಯಾಗಿದೆ ಎಂದು ಅವ್ವ ಮೀಸಲಿನ ಕುಡಿಕೆಯನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದ್ದಳು. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಕಣ್ಣು ಮುಚ್ಚಿ ತೆರೆದರು.

ಪತ್ರಿಕೆಯಲ್ಲಿ ಬಂದದ್ದು ಸುಳ್ಳೇ ಎಂದು ಕೇಳಿದೆ. ಅಷ್ಟರ ಮಟ್ಟಿಗೆ ಇನ್ನೂ ನಾನು ನಾನೇ ಆಗಿದ್ದೆ.

"ಸುಳ್ಳಲ್ಲ," ಎಂದರು. "ಚೆನ್ನಾಗಿ ಕಾಯಿಸಿದ ಹಾಲಿಗೆ ಒಳ್ಳೇ ಹೆಪ್ಪು ಹಾಕಿದ್ದು ತಿಂದ್ರೆ ಕರುಳಿಗೆ ಹಿತ. ಆರೋಗ್ಯವಾಗಿರೋರಿಗೆ ಅದ್ರಿಂದ ರೋಗ ತಡೆಯೋ ಶಕ್ತಿ ಎಷ್ಟು ಹೆಚ್ಚುತ್ತೆ, ಎಷ್ಟು ದಿನ ಇರುತ್ತೆ ಅಂತ ನಾನು ಖಚಿತವಾಗಿ ಹೇಳಲಾರೆ. ಸ್ವಲ್ಪ ಇರಬಹುದು, ಇಲ್ಲದೇನೂ ಇರಬಹುದು. ಆದ್ರೆ ಒಂದು ಹೇಳಿ, ಚೆನ್ನಾಗಿದ್ರಲ್ಲಾ, ನಿಮಗೆ ಇನ್ನೂ ಏನು ಬೇಕಿತ್ತು?"



ಚಿಕಿತ್ಸೆ ವಾರಗಟ್ಟಲೆ. ಬೆಳಿಗ್ಗೆ ಚಳ್ಳಕೆರೆಯ ಕ್ಲಿನಿಕ್ಕಿನಲ್ಲಿ ಸೂಜಿ, ಜೊತೆಗೆ ಎರಡು ಬಗೆಯ ಮಾತ್ರೆ. ಒಂದು ಮಾತ್ರೆಗೆ ಮೂತ್ರ ಕುಂಕುಮದ ನೀರಾಯಿತು. ಅದೇ ಮಾತ್ರೆಯನ್ನು ಕ್ಷಯಕ್ಕೂ ಕೊಡುತ್ತಾರಂತೆ. ಮೆಡಿಕಲ್ ಶಾಪಿನವನು ಚೀಟಿ ನೋಡಿ, ಚಿಲ್ಲರೆಯನ್ನು ನನ್ನ ಅಂಗೈಗೆ ಕೊಡದೆ ಗಾಜಿನ ಮೇಲಿಟ್ಟ. ನನಗೆ ಕ್ಷಯವೆಂದು ಓಣಿಯಲ್ಲಿ ಸುದ್ದಿ ಹಬ್ಬಿತು. ಎದುರು ಮನೆಯ ಮೆಕ್ಯಾನಿಕ್ ಬಾಷಾ ಒಬ್ಬರೇ ಬಂದು ನನ್ನ ಮಂಚದ ಮೇಲೆಯೇ ಕೂತು, ನನ್ನ ಲೋಟದಲ್ಲೇ ನೀರು ಕುಡಿದು, "ಅರೆ ಭಾಯ್, ಎಂಜಿನ್ ಕೆಟ್ಟೈತೆ ಅಂತ ಗಾಡೀನ ಬೀದೀಲಿ ಬಿಡ್ತಾರಾ?" ಎಂದು ಹೋದರು. ಅವರು ಹೋದ ಮೇಲೆ ಆ ಲೋಟದಲ್ಲಿ ಉಳಿದಿದ್ದ ನೀರನ್ನು ನಾನು ಕುಡಿದೆ.

ಮಾತ್ರೆಗಳಿಂದ ಹೊಟ್ಟೆ ಕೆಟ್ಟಿತು. ಡಾಕ್ಟರನ್ನು ಕೇಳಿದರೆ, "ಮೊಸರು ತಿನ್ನಿ," ಎಂದರು. "ಮನೇಲಿ ಕಾಯಿಸಿ ಮಾಡಿದ್ದು. ಮಾತ್ರೆ ನುಂಗಿ ಎರಡು ತಾಸಾದ ಮೇಲೆ." ರತ್ನ ಎಮ್ಮೆ ಹಾಲನ್ನು ಉಕ್ಕು ಬರುವ ತನಕ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಹೆಪ್ಪು ಹಾಕಿ ತಂದಿಟ್ಟಳು. ಬಿಳಿ ಬಟ್ಟಲನ್ನು ನೋಡಿದ ಕೂಡಲೇ ಮುಖ ತಿರುಗಿಸಿಕೊಂಡೆ. "ಒಂದ್ ಚಮ್ಚ ತಿನ್ರಿ," ಎಂದಳು. "ವಾಸನೆ ನೋಡ್ಬ್ಯಾಡ್ರಿ. ನಾನು ಆವಾಗ ಮೂಗು ಮುಚ್ಕೊಂಡಿರ್ಲಿಲ್ವಾ, ಹಂಗೆ ಮುಚ್ಕೊಳ್ರಿ." ಮೂಗು ಮುಚ್ಚಿಕೊಂಡು ಒಂದು ಚಮಚ ತಿಂದೆ. ಇಬ್ಬರಿಗೂ ನಗು ಬಂತು. ಆ ವರ್ಷ ನಾವು ಜೊತೆಯಲ್ಲಿ ನಕ್ಕದ್ದು ಅದೊಂದೇ ಇರಬೇಕು.

ಆ ಮೊಸರು ಉಂಡವರೆಲ್ಲರ ರಕ್ತ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಪಾಲಣ್ಣನ ಹೆಂಡತಿಯ ರಕ್ತದಲ್ಲಾಗಲಿ ಪಾಲಣ್ಣನ ರಕ್ತದಲ್ಲಾಗಲಿ ಏನೂ ಸಿಗಲಿಲ್ಲ. ಜನ್ಮವಿಡೀ ಅದನ್ನೇ ಉಂಡವನು, ಕಂದು ಹಾಕಿದ ಕುರಿಗಳನ್ನು ಬರಿಗೈಯಲ್ಲಿ ಎತ್ತಿದವನು, ಬಂಡೆಯಂತೆ ನಿಂತಿದ್ದ. ಆರೋಗ್ಯಕ್ಕೆಂದು ತಿಂದವನು ನಾನು ಬಿದ್ದೆ. ಅವ್ವನ ರಕ್ತದಲ್ಲಿ ಇತ್ತು. ಎಷ್ಟೋ ವರ್ಷದ ಅವಳ ಸಂಜೆಯ ಮೈಬಿಸಿ, ಕೀಲುನೋವು, ವಯಸ್ಸಿಗೆ ಬಂದದ್ದೆಂದು ನಾವೆಲ್ಲ ತಳ್ಳಿಹಾಕಿದ್ದು, ಅದೇ ಇರಬಹುದು ಎಂದರು. ಹೀಗೇ ಬಿಟ್ಟರೆ ಹೃದಯಕ್ಕೂ ಹೋದೀತು.

ನಾನೂ ರತ್ನಳೂ ಹಟ್ಟಿಗೆ ಹೋದೆವು. ಅವ್ವ ರೊಪ್ಪದ ಬಾಗಿಲಲ್ಲಿ ಕೂತು ಮರಿಯೊಂದರ ಕಿವಿಯಿಂದ ಉಣ್ಣೆ ಹುಳ ಕೀಳುತ್ತಿದ್ದಳು. ನಾನು ಮಾತ್ರೆಯ ಚೀಲ ಮುಂದಿಟ್ಟೆ. ಮಾತ್ರೆ ನುಂಗಬೇಕು, ಮೀಸಲನ್ನು ಇನ್ನು ಹಸಿಯಾಗಿ ಉಣ್ಣಬಾರದು, ಎರಡೇ ಮಾತು ಎಂದೆ.

ಪಾಲಣ್ಣ ಸಿಡಿದ. "ಲೇ ತಮ್ಮಾ, ದೇವ್ರ ಹಾಲಾಗೆ ರೋಗ ಐತೆ ಅಂತೀಯೇನ್ಲೇ? ನಾನು ಉಂಡಿಲ್ವಾ? ಅಪ್ಪ ಉಂಡಿಲ್ವಾ?"

"ನಿನ್ ರಕ್ತ ಚೆನ್ನಾಗೈತೆ ಕಣಣ್ಣ. ಅವ್ವಂದು ಇಲ್ಲ."

"ಪೇಟೆ ರಕ್ತ ನಿಂದು, ಅದಕ್ಕೆ ತಡೀಲಿಲ್ಲ."

"ಹಂಗಾದ್ರೆ ಅವ್ವಂದು ಯಾವ್ ಪೇಟೆ ರಕ್ತ?"

ಪಾಲಣ್ಣ ಎದ್ದು ಕುರಿಗಳ ಕಡೆ ಹೋದ. ಅವ್ವ ಮರಿಯನ್ನು ಬಿಟ್ಟಳು.

"ನಾನು ಕೊಟ್ಟಿದ್ರಿಂದ್ಲೇ ನಿಂಗ್ ಬಂತಾ, ಮಗ?" ಎಂದಳು.

ದಾರಿಯುದ್ದಕ್ಕೂ ಇದೊಂದು ಪ್ರಶ್ನೆಗೆ ಉತ್ತರ ಜೋಡಿಸುತ್ತಾ ಬಂದಿದ್ದೆ. ನಾನೇ ಕೇಳಿದ್ದು, ನೀನು ಕೊಟ್ಟದ್ದಲ್ಲ, ಗ್ಯಾರಂಟಿ ಹೇಳೋಕಾಗಲ್ಲ ಅಂದ್ರು ಡಾಕ್ಟ್ರು, ಹೀಗೆಲ್ಲ. ಬಾಯಿ ತೆರೆದರೆ ಅಳು ಬಂತು. ಆ ದಿನಗಳ ಹಾಳು ಅಳು, ಕಟಿಂಗ್ ಶಾಪಿನಲ್ಲಿ ಬಂದಂಥದ್ದು. ತಡೆಯಲಾಗಲಿಲ್ಲ. ಅವಳಿಗೆ ಅದೇ ಉತ್ತರವಾಯಿತು.

"ಅಳಬ್ಯಾಡ," ಎಂದಳು. "ಕೊಡಿಲ್ಲಿ, ನುಂಗ್ತೀನಿ."

ನುಂಗಿದಳು. ಒಂದು ಹೊತ್ತೂ ತಪ್ಪಿಸಲಿಲ್ಲ. ಕೆಂಪು ಮೂತ್ರಕ್ಕೆ ಹೆದರಲಿಲ್ಲ, ಹೊಟ್ಟೆ ಕೆಟ್ಟರೂ ಬಿಡಲಿಲ್ಲ. ಸಂಜೆಯ ಮೈಬಿಸಿ ನಿಂತಿತು. ಮತ್ತೆ ರಕ್ತ ನೋಡಿದ ಡಾಕ್ಟರು ಬೆನ್ನು ತಟ್ಟಿದರು. ನನಗೆ ಮುಂದಿನ ವರ್ಷ ಒಮ್ಮೆ ಮರುಕಳಿಸಿತು. ಸೊಂಟ ಇಂದಿಗೂ ಪೂರ್ತಿ ನನ್ನದಾಗಿಲ್ಲ, ಮಳೆಗಾಲದಲ್ಲಿ ಗೋಡೆ ಹಿಡಿದು ಏಳುತ್ತೇನೆ. ಅವ್ವನಿಗೆ ಮಾತ್ರ ಮತ್ತೆ ಬರಲೇ ಇಲ್ಲ.

ಆದರೆ ಮಾತ್ರೆ ಶುರು ಮಾಡಿದ ದಿನದಿಂದ ಅವಳು ಮೀಸಲು ಎತ್ತುವುದನ್ನು ನಿಲ್ಲಿಸಿಬಿಟ್ಟಿದ್ದಳು. ಇದು ನಮಗೆ ತಿಳಿದದ್ದು ತಡವಾಗಿ. ನಾನು ಹೋಗಿ ವಾದ ಮಾಡಿದೆ. ಕಾಯಿಸಿ ಆರಿಸಿ ಹೆಪ್ಪು ಹಾಕು ಅವ್ವಾ, ದೇವರು ಬೇಡ ಅಂತಾನಾ?

"ಕಾಯ್ಸಿದ್ರೆ ನಮ್ಮ ಮೊಸ್ರಾತು," ಎಂದಳು. "ನಮ್ದನ್ನ ದೇವ್ರ ಮುಂದಿಟ್ಟು ನಿಂದು ಅನ್ನಾಕಾಗ್ತೈತಾ?"

"ಹಂಗಾದ್ರೆ ಹಸೀದೇ ಎತ್ತಿ ದೇವ್ರ ಮುಂದಿಡು. ಉಣ್ಣಬ್ಯಾಡ, ಅಷ್ಟೇ."

"ನಾವು ಉಣ್ಣಾಕೆ ಹೆದರೋದ್ನ ಅವನಿಗೆ ಇಡಾನಾ?"

ಮೂವತ್ತು ವರ್ಷ ಪತ್ರಿಕೆ ಓದಿದವನು ನಾನು. ಎದ್ದು ಬಸ್ಸಿಗೆ ನಡೆದೆ. ಪಾಲಣ್ಣನ ಹೆಂಡತಿ ತಾನು ಎತ್ತುತ್ತೇನೆಂದಾಗ ಅವ್ವ ಕೊಡಲಿಲ್ಲ. ಮನಸ್ಸಿನಲ್ಲಿ ಅನುಮಾನ ಹೊಕ್ಕ ಮನೆಯಲ್ಲಿ ಇದು ಬೇಡ ಎಂದಳಂತೆ. ಮೊದಲ ಕುಡಿಕೆಯ ಹಾಲನ್ನು ಮರಿಗಳಿಗೇ ಬಿಟ್ಟರು.

ಆಮೇಲೆ ಅವಳು ಎರಡು ಬೇಸಿಗೆ ಇದ್ದಳು. ಜ್ವರವಿಲ್ಲ, ನೋವು ಕಡಿಮೆ, ಉಣ್ಣುತ್ತಿದ್ದಳು. ಆದರೂ ಮೊದಲಿನ ಹಾಗೇ ಕತ್ತಲಿರುವಾಗಲೇ ಎದ್ದು, ಮಿಂದು, ಯಾರೊಡನೆಯೂ ಮಾತಾಡದೆ ರೊಪ್ಪದ ಬಾಗಿಲಿಗೆ ಬಂದು ಕೂರುತ್ತಿದ್ದಳು. ಕುರಿಗಳು ಬಂದು ಅವಳ ಸೀರೆ ಮೂಸಿ ಹೋಗುತ್ತಿದ್ದವು. ಹೊತ್ತು ಏರುವ ತನಕ ಕೈಗಳು ಮಡಿಲಲ್ಲಿ ಖಾಲಿ ಬಿದ್ದಿರುತ್ತಿದ್ದವು. ದಿನದಿಂದ ದಿನಕ್ಕೆ ಅವಳು ಸಣ್ಣಗಾದಳು. ದಾವಣಗೆರೆಗೆ ಕರೆದೊಯ್ದರೆ ಎಲ್ಲ ಸರಿಯಿದೆ ಎಂದರು. ಡಾಕ್ಟರು ಏನನ್ನೋ ನೋಡಿಲ್ಲ ಎಂದು ನನಗನ್ನಿಸಿತು. ಆದರೆ ಅದು ರಕ್ತದಲ್ಲಿ ಸಿಗುವಂಥದ್ದಲ್ಲವೆಂದೂ ಗೊತ್ತಿತ್ತು.

ಅವಳು ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ, ನಸುಕಿನಲ್ಲಿ ನಾನು ಅವಳ ಪಕ್ಕ ರೊಪ್ಪದ ಬಾಗಿಲಲ್ಲಿ ಕೂತಿದ್ದೆ. ಒಳಗೆ ಮರಿಗಳು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿದ್ದ ಸದ್ದು. ಅವಳು ಅದನ್ನೇ ಕೇಳುತ್ತಿದ್ದಳು. ಆಮೇಲೆ ಮಣಿಕಟ್ಟನ್ನು ನನ್ನ ಕಡೆ ಚಾಚಿದಳು.

"ಜ್ವರ ಐತಾ ನೋಡು, ಮಗ."

ಹಿಡಿದು ನೋಡಿದೆ. ತಣ್ಣಗಿತ್ತು. "ಇಲ್ಲವ್ವ."

"ಹಂಗಾದ್ರೆ ಚೆನ್ನಾಗಿದೀನಿ ಬಿಡು," ಎಂದಳು, ನನಗೆ ಸಮಾಧಾನ ಹೇಳುವ ದನಿಯಲ್ಲಿ.